ಮಲೆನಾಡಿನ ಮನೆ: ಮಳೆ, ಬಿಸಿಲು ಮತ್ತು ಬೆಲೆ

ತೀರ್ಥಹಳ್ಳಿಯ ಕಡೆ ಜಂಬಿಟ್ಟಿಗೆಯ ಗೋಡೆಯೂ ಮಂಗಳೂರು ಹೆಂಚಿನ ಮಾಡೂ ಇರುವ ಮನೆಯನ್ನು ಅಡವಿಟ್ಟು ಸಾಲ ಕೇಳಿದರೆ, ಬ್ಯಾಂಕಿನ ಪರವಾಗಿ ಬರುವ ಮೌಲ್ಯಮಾಪಕರು ಸಾಮಾನ್ಯವಾಗಿ ನಿವೇಶನದ ದರವನ್ನು ನೋಡಿ, ಅಂಥದೇ ಮನೆಯನ್ನು ಇಂದು ಕಟ್ಟಲು ತಗಲುವ ವೆಚ್ಚವನ್ನು ಅಂದಾಜು ಮಾಡಿ, ಅದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆಯುತ್ತಾರೆ. ಈ ಲೆಕ್ಕದಲ್ಲಿ ಆರ್‌ಸಿಸಿ (ಉಕ್ಕಿನ ಸರಳು ಹಾಕಿದ ಕಾಂಕ್ರೀಟ್) ಕಟ್ಟಡಕ್ಕೆ ಹೆಚ್ಚು ಆಯಸ್ಸನ್ನೂ ಹೆಂಚಿನ ಮನೆಗೆ ಕಡಿಮೆ ಆಯಸ್ಸನ್ನೂ ಹಿಡಿಯುವುದು ವಾಡಿಕೆ. ಗೂಡಿನಲ್ಲಿ ಸುಡುವ ಅಗತ್ಯವೇ ಇಲ್ಲದೆ, ನೆಲದಿಂದ ಕತ್ತರಿಸಿ ತೆಗೆದ ಮೇಲೆ ಗಾಳಿಗೆ ಗಟ್ಟಿಯಾಗುವ ಜಂಬಿಟ್ಟಿಗೆಗೆ ಇದರಿಂದ ಅನ್ಯಾಯವಾಗುತ್ತದೆ ಎಂದೇ ನನ್ನ ಅಭಿಪ್ರಾಯ.

ಅದೇ ಮನೆಯ ಚಾವಣಿಯ ಸೌರ ಫಲಕಗಳ ಬೆಲೆಯನ್ನು ಅಳೆಯಲು ಆದಾಯ ವಿಧಾನ ಹೆಚ್ಚು ಸೂಕ್ತ. ಫಲಕಗಳು ಮುಂದಿನ ವರ್ಷಗಳಲ್ಲಿ ಉಳಿಸಿಕೊಡುವ ಹಣವನ್ನು ಇಂದಿನ ಬೆಲೆಗೆ ಇಳಿಸುವುದೇ ಈ ವಿಧಾನ. 3 ಕಿಲೋವಾಟ್‌ನ ಘಟಕವೊಂದು ಮಳೆಗಾಲದ ಮೋಡವನ್ನೂ ಲೆಕ್ಕಕ್ಕೆ ತೆಗೆದುಕೊಂಡು ವರ್ಷಕ್ಕೆ 3,500 ಯೂನಿಟ್ ಕೊಡುತ್ತದೆ, ಯೂನಿಟ್‌ಗೆ 6 ರೂಪಾಯಿ ಉಳಿಯುತ್ತದೆ ಎಂದು ಹಿಡಿಯೋಣ. ವರ್ಷದ ಉಳಿತಾಯ 21,000 ರೂಪಾಯಿ. ಶೇಕಡಾ 8ರ ಬಡ್ಡಿದರದಲ್ಲಿ, ಇನ್ನೂ 20 ವರ್ಷ ಬಾಳುವ ಫಲಕಗಳ ಇಂದಿನ ಮೌಲ್ಯ ಸುಮಾರು 2.06 ಲಕ್ಷ ರೂಪಾಯಿ. 10 ವರ್ಷ ಮಾತ್ರ ಉಳಿದಿದ್ದರೆ 1.41 ಲಕ್ಷ. ನಡುವೆ ಇನ್ವರ್ಟರ್ ಬದಲಿಸುವ ಖರ್ಚನ್ನು ಇದರಲ್ಲಿ ಕಳೆಯಬೇಕು.

ಆದರೆ ಕರ್ನಾಟಕದಲ್ಲಿ 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಡಿ, ತಿಂಗಳಿಗೆ 200 ಯೂನಿಟ್‌ನ ಮಿತಿಯೊಳಗೆ ಅರ್ಹ ಕುಟುಂಬದ ಬಿಲ್ಲೇ ಶೂನ್ಯವಾಗಬಹುದು. ಅಂಥ ಮನೆಯಲ್ಲಿ ಫಲಕಗಳಿಂದ ಬಿಲ್ಲಿನಲ್ಲಿ ಉಳಿಯುವುದು ಅತ್ಯಲ್ಪವಾದ್ದರಿಂದ, ಮೇಲಿನ ಲೆಕ್ಕವನ್ನು ಹಾಗೆಯೇ ಒಪ್ಪುವಂತಿಲ್ಲ. ಒಂದೇ ಬಗೆಯ ಫಲಕಗಳಿಗೆ ಎರಡು ಮನೆಗಳಲ್ಲಿ ಎರಡು ಬೆಲೆ ಬರುವುದು ಹೀಗೆ.

ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯವು 8 ರಾಜ್ಯಗಳ ಸುಮಾರು 22,000 ಮನೆಗಳ ಮಾರಾಟವನ್ನು ಪರಿಶೀಲಿಸಿ, ಸೌರ ಫಲಕಗಳಿರುವ ಮನೆಗಳಿಗೆ ಫಲಕದ ಪ್ರತಿ ವಾಟ್‌ಗೆ ಸುಮಾರು 4 ಡಾಲರ್ ಹೆಚ್ಚು ಬೆಲೆ ಸಿಕ್ಕಿದೆ ಎಂದು 2015ರಲ್ಲಿ ವರದಿ ಮಾಡಿತು. ಅಷ್ಟು ಮಾರಾಟಗಳನ್ನು ಹೋಲಿಸಿ ನೋಡುವ ಅನುಕೂಲ ಸಾಗರ, ಹೊಸನಗರಗಳ ಹಳ್ಳಿಗಳಲ್ಲಿ ಇಲ್ಲ. ಇಲ್ಲಿ ಮನೆಯ ಜೊತೆ ತೋಟವೂ ಸೇರಿ ಕ್ರಯವಾಗುವುದರಿಂದ ಫಲಕದ ಬೆಲೆಯನ್ನು ಬೇರ್ಪಡಿಸುವುದೇ ಕಷ್ಟ.

ಮಳೆನೀರಿನ ವಿಷಯ ಇನ್ನೂ ಸೂಕ್ಷ್ಮವಾದುದು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ; ಆದ್ದರಿಂದ 3,000 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 3 ಲಕ್ಷ ಲೀಟರ್ ಬೀಳುತ್ತದೆ. ಬಾವಿ ತುಂಬಿ ತುಳುಕುವ ಜುಲೈಯಲ್ಲಿ ಆ ನೀರಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಅದನ್ನು ಶೋಧಿಸಿ ಬಾವಿಗೆ ಇಂಗಿಸಿದ ಮನೆಯ ಬೆಲೆ ತಿಳಿಯುವುದು ಏಪ್ರಿಲ್‌ನಲ್ಲಿ, ನೆರೆಯವರ ಬಾವಿ ಬತ್ತಿದಾಗ. ಮಾರುವವರು ಪ್ರತಿ ಬೇಸಿಗೆಯ ನೀರಿನ ಮಟ್ಟವನ್ನು ತಾರೀಖು ಸಹಿತ ಬರೆದಿಟ್ಟಿದ್ದರೆ, ಟ್ಯಾಂಕರ್ ತರಿಸದೆ ಉಳಿದ ಹಣವನ್ನು ಮೌಲ್ಯಮಾಪಕರು ತಮ್ಮ ವರದಿಯಲ್ಲಿ ಆಧಾರಸಹಿತ ಸೇರಿಸಬಲ್ಲರು.