ಮೇಡನ್‌ಹೆಡ್ ಸೇತುವೆ: ಬೀಳುತ್ತೆ ಅಂದವರೇ ಜಾಸ್ತಿ

ಲಂಡನ್‌ನಿಂದ ಬ್ರಿಸ್ಟಲ್ ಕಡೆ ಹೋಗುವ ರೈಲು ಮೇಡನ್‌ಹೆಡ್ ಹತ್ತಿರ ಥೇಮ್ಸ್ ನದಿ ದಾಟುತ್ತದೆ. ಅಲ್ಲಿನ ಸೇತುವೆ ಇಟ್ಟಿಗೆಯದ್ದು. ನೀರಿನ ಮೇಲೆ ಎರಡೇ ಕಮಾನು. ಒಂದೊಂದೂ 128 ಅಡಿ ಅಗಲ, ಆದರೆ ಬುಡದಿಂದ ನೆತ್ತಿಗೆ ಬರೀ 24 ಅಡಿ ಎತ್ತರ. ಇಟ್ಟಿಗೆಯಲ್ಲಿ ಇಷ್ಟು ಅಗಲದ, ಇಷ್ಟು ಚಪ್ಪಟೆ ಕಮಾನನ್ನು ಅಲ್ಲಿಯವರೆಗೆ ಯಾರೂ ಕಟ್ಟಿರಲಿಲ್ಲ.

ಚಪ್ಪಟೆ ಯಾಕೆ ಬೇಕಿತ್ತು? ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನಿಯರ್ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್‌ಗೆ ಹಳಿ ಆದಷ್ಟೂ ಸಮತಟ್ಟಾಗಿರಬೇಕಿತ್ತು. 1320 ಅಡಿ ಹೋದರೆ ಒಂದಡಿ ಏರು, ಅದಕ್ಕಿಂತ ಜಾಸ್ತಿ ಬೇಡ ಅಂತ ಅವನ ಲೆಕ್ಕ. ಹಾಗಾಗಿ ಸೇತುವೆಗೋಸ್ಕರ ಹಳಿಯನ್ನು ಎತ್ತರಿಸುವ ಹಾಗಿರಲಿಲ್ಲ. ಇತ್ತ ನದಿ ನೋಡಿಕೊಳ್ಳುವ ಅಧಿಕಾರಿಗಳು ದೋಣಿಗಳ ಹಾದಿಗಾಗಲಿ, ದಡದಲ್ಲಿ ಹಗ್ಗ ಹಿಡಿದು ದೋಣಿ ಎಳೆಯುವ ದಾರಿಗಾಗಲಿ ಅಡ್ಡಿ ಆಗಕೂಡದು ಅಂದರು. ನೀರಿನ ನಡುವೆ ಕಂಬಗಳ ಸಾಲು ನಿಲ್ಲಿಸುವ ಮಾತೇ ಇಲ್ಲ. ಒಂದೇ ಕಂಬ, ಎರಡು ಕಮಾನು.

ಕಮಾನು ಚಪ್ಪಟೆಯಾದಷ್ಟೂ ಅದು ಪಕ್ಕಕ್ಕೆ ತಳ್ಳುವುದು ಜಾಸ್ತಿ. ನಡುವಿನ ಕಂಬಕ್ಕೆ ತೊಂದರೆಯಿಲ್ಲ, ಎರಡೂ ಕಡೆಯ ತಳ್ಳಾಟ ಅಲ್ಲಿ ಸರಿಹೋಗುತ್ತದೆ. ದಡದ ಕಡೆ ಮಾತ್ರ ಯಾರಾದರೂ ತಡೆಯಬೇಕಲ್ಲ, ಅಲ್ಲಿ ಎರಡೂ ಬದಿಗೆ ನಾಲ್ಕು ನಾಲ್ಕು ಸಣ್ಣ ಕಮಾನುಗಳಿವೆ. ಭಾರ ಕಡಿಮೆ ಮಾಡಲು ದೊಡ್ಡ ಕಮಾನುಗಳ ಮೇಲ್ಭಾಗದ ಒಳಗೆ ಗೋಡೆಗಳನ್ನಿಟ್ಟು ನಡುವೆ ಟೊಳ್ಳು ಬಿಟ್ಟಿದ್ದಾರೆ. ಹೊರಗಿಂದ ಇದು ಕಾಣುವುದೇ ಇಲ್ಲ.

1838ರಲ್ಲಿ ಎಡವಟ್ಟಾಯಿತು. ಮನೆಗೆ ತಾರಸಿ ಹಾಕಿಸಿದವರಿಗೆ ಸೆಂಟ್ರಿಂಗ್ ಬಿಚ್ಚುವ ದಿನದ ಆತಂಕ ಗೊತ್ತು. ಇಲ್ಲೂ ಕಮಾನಿನ ಕೆಳಗೆ ಮರದ ಸೆಂಟ್ರಿಂಗ್ ಇತ್ತು. ಗಾರೆ ಇನ್ನೂ ಗಟ್ಟಿಯಾಗಿರಲಿಲ್ಲ, ಅಷ್ಟರಲ್ಲೇ ಗುತ್ತಿಗೆದಾರ ಅದನ್ನು ಸಡಿಲಿಸಿಬಿಟ್ಟ. ಪೂರ್ವದ ಕಮಾನಿನ ನೆತ್ತಿಯಲ್ಲಿ ಕೆಳಗಿನ ಮೂರು ವರಸೆ ಇಟ್ಟಿಗೆ ಸುಮಾರು ಅರ್ಧ ಇಂಚು ಬಿಟ್ಟುಕೊಂಡವು. ಪಶ್ಚಿಮದ್ದಕ್ಕೆ ಏನೂ ಆಗಲಿಲ್ಲ. ವಿನ್ಯಾಸ ಎರಡಕ್ಕೂ ಒಂದೇ, ಅಂದಮೇಲೆ ತಪ್ಪು ವಿನ್ಯಾಸದ್ದಲ್ಲ, ಅವಸರದ್ದು ಅಲ್ವಾ? ಆದರೆ ಮೊದಲೇ ಅನುಮಾನ ಇಟ್ಟುಕೊಂಡವರಿಗೆ ಇಷ್ಟೇ ಸಾಕಾಯಿತು. ಗುತ್ತಿಗೆದಾರ ತಪ್ಪು ಒಪ್ಪಿಕೊಂಡ, ಸಡಿಲವಾದ ಭಾಗವನ್ನು ಮತ್ತೆ ಕಟ್ಟಿಸಿದರು, ಸೆಂಟ್ರಿಂಗನ್ನು ಇನ್ನೂ ಬಹಳ ಕಾಲ ಹಾಗೇ ಬಿಟ್ಟರು. 1839ರ ಜುಲೈ 1ರಂದು ಸೇತುವೆ ಮೇಲೆ ರೈಲು ಓಡಿತು. ಆಮೇಲೊಂದು ಬಿರುಗಾಳಿ ಆ ಮರದ ಸೆಂಟ್ರಿಂಗನ್ನೆಲ್ಲ ಉರುಳಿಸಿತು. ಕಮಾನು ಜಗ್ಗಲಿಲ್ಲ.

ಚಿತ್ರಕಾರ ಟರ್ನರ್ 1844ರಲ್ಲಿ ತೋರಿಸಿದ ‘ಮಳೆ, ಹಬೆ, ವೇಗ’ ಅನ್ನುವ ಚಿತ್ರದಲ್ಲಿರುವುದು ಈ ಸೇತುವೆಯೇ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಪೂರ್ವದ ಕಮಾನಿನ ಕೆಳಗೆ ನದಿದಾರಿಯಲ್ಲಿ ನಿಂತು ಚಪ್ಪಾಳೆ ಹೊಡೆದರೆ ಸದ್ದು ಹಲವು ಸಲ ಮರುಕಳಿಸುತ್ತದೆ. ಅದಕ್ಕೇ ಊರವರು ಅದನ್ನು ಸದ್ದಿನ ಕಮಾನು ಅನ್ನುತ್ತಾರೆ.

ರೈಲುಗಳು ಹೆಚ್ಚಿದಾಗ ಎರಡು ಹಳಿ ನಾಲ್ಕಾಗಬೇಕಾಯಿತು. 1890ರ ದಶಕದ ಮೊದಲಲ್ಲಿ ಜಾನ್ ಫೌಲರ್ ಸೇತುವೆಯನ್ನು ಎರಡೂ ಬದಿಗೆ ಅಗಲಿಸಿದರು. ಸ್ಕಾಟ್ಲೆಂಡಿನ ಫೋರ್ತ್ ನದಿಗೆ ಉಕ್ಕಿನ ಭಾರಿ ಸೇತುವೆ ಕಟ್ಟಿಸಿದವರಲ್ಲಿ ಇವರೂ ಒಬ್ಬರು, ಅದು 1890ರಲ್ಲಷ್ಟೇ ಮುಗಿದಿತ್ತು. ಆದರೂ ಇಲ್ಲಿಗೆ ಉಕ್ಕು ತರಲಿಲ್ಲ. ಹಳೆಯ ಆಕಾರಕ್ಕೆ ಸರಿಯಾಗಿ ಇಟ್ಟಿಗೆಯಲ್ಲೇ ಕಟ್ಟಿದರು. ನನಗೆ ಬ್ರೂನೆಲ್‌ಗೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಇದೇ ಅನಿಸುತ್ತದೆ. 2012ರಲ್ಲಿ ಇಂಗ್ಲೆಂಡಿನ ಪಾರಂಪರಿಕ ಕಟ್ಟಡಗಳ ಮೊದಲ ದರ್ಜೆಗೆ ಇದು ಸೇರಿತು. ಆಮೇಲೆ ವಿದ್ಯುತ್ ಕಂಬಗಳೂ ಬಂದವು. ಈಗ ರೆಡಿಂಗ್ ಕಡೆ ಹೋಗುವ ಎಲಿಜಬೆತ್ ಲೈನ್ ರೈಲುಗಳು ಇದರ ಮೇಲೆಯೇ ಓಡುತ್ತವೆ.