ಒಂದೇ ಸಾವಿರ ಡಾಲರ್, ಎರಡು ತೂಕ

ದಕ್ಷಿಣ ಸುಡಾನಿನ ಸರಾಸರಿ ಆಯುಷ್ಯ 57.6 ವರ್ಷ ಎಂದು ಓದಿದ ಕೂಡಲೇ ಬಹುತೇಕರು, ಅಲ್ಲಿನವರು ಐವತ್ತೇಳಕ್ಕೇ ಮುಪ್ಪಾಗಿ ಸಾಯುತ್ತಾರೆ ಎಂದುಕೊಳ್ಳುತ್ತಾರೆ. ಬಡದೇಶಗಳ ಅಂಕಿಅಂಶ ಓದುವಾಗ ಆಗುವ ತಪ್ಪುಗಳಲ್ಲಿ ಇದು ಅತ್ಯಂತ ಹಟಮಾರಿ. ಹತ್ತು ಮಕ್ಕಳು ಹುಟ್ಟಿ, ಇಬ್ಬರು ತೊಟ್ಟಿಲಲ್ಲೇ ತೀರಿಕೊಂಡು, ಉಳಿದ ಎಂಟು ಮಂದಿ ಎಪ್ಪತ್ತರವರೆಗೆ ಬಾಳಿದರೂ ಸರಾಸರಿ ಬರುವುದು 56. ಆದರೆ ಆ ಹತ್ತು ಮಂದಿಯಲ್ಲಿ ಐವತ್ತಾರಕ್ಕೆ ಸತ್ತವರು ಒಬ್ಬರೂ ಇಲ್ಲ! ಅಲ್ಲದೆ ಇದು ಭವಿಷ್ಯ ಹೇಳುವ ಸಂಖ್ಯೆಯೂ ಅಲ್ಲ. ಒಂದು ವರ್ಷದಲ್ಲಿ ಯಾವ ವಯಸ್ಸಿನವರು ಯಾವ ಪ್ರಮಾಣದಲ್ಲಿ ಸತ್ತರೋ, ಅದೇ ಪ್ರಮಾಣ ಬದುಕಿನುದ್ದಕ್ಕೂ ಎದುರಾದರೆ ಆಗ ಹುಟ್ಟಿದ ಮಗು ಎಷ್ಟು ಕಾಲ ಬದುಕೀತು ಎಂಬ ಲೆಕ್ಕ, ಅಷ್ಟೇ.

ಈ ಆಯುಷ್ಯದ ಜೊತೆಗೆ ಶಿಕ್ಷಣ ಮತ್ತು ತಲಾದಾಯವನ್ನು ಸೇರಿಸಿದರೆ ಮಾನವ ಅಭಿವೃದ್ಧಿ ಸೂಚ್ಯಂಕ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 2025ರ ವರದಿಯಲ್ಲಿ ತುದಿಯಲ್ಲಿರುವ ಐಸ್‌ಲ್ಯಾಂಡಿಗೆ 0.972, ತಳದಲ್ಲಿರುವ ದಕ್ಷಿಣ ಸುಡಾನಿಗೆ 0.388. ಕೊಳ್ಳುವ ಶಕ್ತಿಗೆ ಸರಿಹೊಂದಿಸಿದ ತಲಾದಾಯವಂತೂ 69,117 ಡಾಲರ್ ಎದುರು 688 ಡಾಲರ್. ನೂರು ಪಟ್ಟು ಅಂತರ! ಆದರೆ ಸೂಚ್ಯಂಕದ ಆದಾಯ ಭಾಗದಲ್ಲಿ ಇದು 0.988 ಮತ್ತು 0.291 ಆಗಿ ಬರುತ್ತದೆ. ಮೂರೂವರೆ ಪಟ್ಟೂ ಇಲ್ಲ. ಉಳಿದದ್ದು ಎಲ್ಲಿ ಹೋಯಿತು?

ಲಾಗರಿದಮ್ ನುಂಗಿತು. ಕನಿಷ್ಠ 100 ಡಾಲರ್, ಗರಿಷ್ಠ 75,000 ಡಾಲರ್ ಎಂದು ಎರಡು ಗೂಟ ನೆಟ್ಟು, ದೇಶವೊಂದು ಅವುಗಳ ನಡುವೆ ಎಲ್ಲಿದೆ ಎಂದು ಲಾಗರಿದಮ್‌ನಲ್ಲಿ ಅಳೆಯುತ್ತಾರೆ. 688ನ್ನು 100ರಿಂದ ಭಾಗಿಸಿ ಲಾಗರಿದಮ್ ತೆಗೆದರೆ 1.93, ಗರಿಷ್ಠದ್ದನ್ನೂ ಹಾಗೆಯೇ ಮಾಡಿದರೆ 6.62, ಭಾಗಿಸಿದರೆ 0.291. ಇಲ್ಲಿ ಡಾಲರ್‌ಗಳ ಬದಲು ದುಪ್ಪಟ್ಟುಗಳನ್ನು ಎಣಿಸುತ್ತೇವೆ. ನೂರರಿಂದ ಇನ್ನೂರಕ್ಕೆ ಒಂದು ಮೆಟ್ಟಿಲು, ಇನ್ನೂರರಿಂದ ನಾನೂರಕ್ಕೂ ಒಂದೇ ಮೆಟ್ಟಿಲು, ತುದಿ ಮುಟ್ಟಲು ಒಟ್ಟು ಒಂಬತ್ತೂವರೆ. ನಮ್ಮ ಕಿವಿಯೂ ಹೀಗೆಯೇ: ಧ್ವನಿಯ ಶಕ್ತಿ ಹತ್ತು ಪಟ್ಟಾದರೆ ಡೆಸಿಬೆಲ್ ಏರುವುದು ಹತ್ತೇ. ಬಾಯಾರಿ ಬಂದವನಿಗೆ ಮೊದಲ ಲೋಟ ನೀರು ಅಮೃತ, ಆರನೆಯದು ಬರೀ ಭಾರ. ಕತ್ತಲ ಕೋಣೆಗೆ ಮೊದಲ ದೀಪ ತರುವ ಬೆಳಕನ್ನೂ ನೂರು ದೀಪಗಳ ನಡುವೆ ಹಚ್ಚಿದ ನೂರೊಂದನೆಯದನ್ನೂ ಹೋಲಿಸಿ ನೋಡಿ. ತಲಾದಾಯಕ್ಕೆ ಸಾವಿರ ಡಾಲರ್ ಸೇರಿದರೆ ದಕ್ಷಿಣ ಸುಡಾನಿನ ಆದಾಯ ಭಾಗ 0.136 ಏರುತ್ತದೆ, ಐಸ್‌ಲ್ಯಾಂಡಿನದು ಬರೀ 0.002.

ಈ ಯೋಚನೆ ಹಳೆಯದು. ಹಣದಿಂದ ಸಿಗುವ ತೃಪ್ತಿ ಹಣದ ಲಾಗರಿದಮ್‌ನಂತೆ ಬೆಳೆಯುತ್ತದೆ ಎಂದು 1738ರಲ್ಲೇ ಗಣಿತಜ್ಞ ಡೇನಿಯಲ್ ಬರ್ನೂಲಿ ಜೂಜಿನ ಒಂದು ಒಗಟನ್ನು ಬಿಡಿಸುವಾಗ ಬರೆದ. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ 1990ರಲ್ಲಿ ಈ ಸೂಚ್ಯಂಕದ ಮೊದಲ ವರದಿ ತಂದಾಗ, ಬದುಕನ್ನು ಒಂದೇ ಅಂಕಿಗೆ ಇಳಿಸುವುದರ ಬಗ್ಗೆ ಅಮರ್ತ್ಯ ಸೇನ್ ಅವರಿಗೇ ಅಳುಕಿತ್ತು. ರಾಷ್ಟ್ರೀಯ ಆದಾಯದಷ್ಟೇ ಒರಟಾದ, ಆದರೆ ಅಷ್ಟು ಕುರುಡಲ್ಲದ ಒಂದು ಅಂಕಿ ಬೇಕೇ ಬೇಕು ಎಂದು ಹಕ್ ಹಟ ಹಿಡಿದರು. ನನಗೆ ಇಬ್ಬರೂ ಸರಿ ಎನಿಸುತ್ತದೆ.

2010ರವರೆಗೆ ಮೂರು ಭಾಗಗಳನ್ನು ಕೂಡಿ ಮೂರರಿಂದ ಭಾಗಿಸುತ್ತಿದ್ದರು. ಈಗ ಮೂರನ್ನೂ ಗುಣಿಸಿ ಘನಮೂಲ ತೆಗೆಯುತ್ತಾರೆ. 0.9, 0.9, 0.3 ಇದ್ದರೆ ಹಳೆಯ ಲೆಕ್ಕದಲ್ಲಿ 0.70, ಹೊಸದರಲ್ಲಿ 0.62. ಒಂದು ಕಾಲು ಮೋಟಾದ ಮುಕ್ಕಾಲಿ ಉಳಿದೆರಡು ಕಾಲು ಎಷ್ಟೇ ಗಟ್ಟಿಯಿದ್ದರೂ ವಾಲುತ್ತದಲ್ಲ, ಹಾಗೆ.

ಈ ಗುಣಾಕಾರ ಲಾಗರಿದಮ್‌ನ ಜೊತೆ ಸೇರಿದಾಗ ಒಂದು ಎಡವಟ್ಟೂ ಆಗುತ್ತದೆ. ಸರಾಸರಿ ಆಯುಷ್ಯ ಒಂದು ವರ್ಷ ಹೆಚ್ಚಿದಾಗ ಸೂಚ್ಯಂಕ ಏರುವಷ್ಟನ್ನು ಬರೀ ಆದಾಯದಿಂದಲೇ ಏರಿಸಬೇಕಾದರೆ ದಕ್ಷಿಣ ಸುಡಾನಿಗೆ ತಲಾ 36 ಡಾಲರ್ ಸಾಕು. ಐಸ್‌ಲ್ಯಾಂಡಿಗೆ, ಗರಿಷ್ಠದ ಗೂಟವನ್ನು ಮರೆತು ಲೆಕ್ಕ ಹಾಕಿದರೆ, ಏಳು ಸಾವಿರಕ್ಕೂ ಹೆಚ್ಚು ಬೇಕು. ಅಂದರೆ ಬಡವರ ಒಂದು ವರ್ಷದ ಬದುಕಿಗೆ ಸೂಚ್ಯಂಕ ಗೊತ್ತಿಲ್ಲದೆಯೇ ಇನ್ನೂರು ಪಟ್ಟು ಅಗ್ಗದ ಚೀಟಿ ಅಂಟಿಸಿದೆ. ಅರ್ಥಶಾಸ್ತ್ರಜ್ಞ ಮಾರ್ಟಿನ್ ರವಾಲಿಯನ್ ಎತ್ತಿದ ಆಕ್ಷೇಪ ಇದೇ. ಹೀಗಾಗಿ ಎಲ್ಲಿ ಹಣ ಹೂಡಬೇಕು ಎಂದು ಈ ಅಂಕಿಯನ್ನು ಕೇಳಲು ಹೋಗಬಾರದು.

ಸರಿ, ಆದಾಯ ಏರುವವರೆಗೆ ಕಾಯೋಣವೇ? ಐಸ್‌ಲ್ಯಾಂಡ್ ಇದ್ದಲ್ಲೇ ನಿಂತು, ದಕ್ಷಿಣ ಸುಡಾನಿನ ತಲಾದಾಯ ಪ್ರತಿ ವರ್ಷ ಶೇ 7ರಷ್ಟು ಬೆಳೆದರೂ ಸರಿಗಟ್ಟಲು ಸುಮಾರು 68 ವರ್ಷ ಬೇಕು. ಅದೃಷ್ಟಕ್ಕೆ ಆಯುಷ್ಯ ಆದಾಯದ ಬಾಲ ಹಿಡಿದೇ ನಡೆಯುವುದಿಲ್ಲ. ದೇಶಗಳ ಆದಾಯವನ್ನು ಅಡ್ಡಕ್ಕೂ ಆಯುಷ್ಯವನ್ನು ಲಂಬಕ್ಕೂ ಇಟ್ಟರೆ, ಮೊದಲು ಕಡಿದಾಗಿ ಏರಿ ಆಮೇಲೆ ಚಪ್ಪಟೆಯಾಗುವ ಒಂದು ಗೆರೆ ಮೂಡುತ್ತದೆ. 1975ರಲ್ಲಿ ಜನಸಂಖ್ಯಾಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪ್ರೆಸ್ಟನ್ ಗಮನಿಸಿದ್ದು, ದಶಕಗಳು ಕಳೆದಂತೆ ಆ ಗೆರೆಯೇ ಮೇಲಕ್ಕೆ ಸರಿಯುತ್ತಿದೆ ಎಂಬುದನ್ನು. 1930ರ ದಶಕದಿಂದ 1960ರ ದಶಕದವರೆಗೆ ಜಗತ್ತಿನ ಆಯುಷ್ಯ ಹೆಚ್ಚಿದ್ದರಲ್ಲಿ ಶೇ 75ರಿಂದ 90ರಷ್ಟು ದೇಶಗಳ ಆದಾಯಕ್ಕೆ ಹೊರತಾದ ಕಾರಣಗಳಿಂದ ಎಂದು ಆತ ಅಂದಾಜಿಸಿದ. ಲಸಿಕೆ, ಸೊಳ್ಳೆ ನಿಯಂತ್ರಣ, ಶುದ್ಧ ನೀರಿನ ತಿಳಿವಳಿಕೆ, ಹೀಗೆ ಒಂದೆಡೆ ಕಂಡುಕೊಂಡು ಎಲ್ಲೆಡೆ ಬಳಸಬಹುದಾದವು. 1990ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 93 ಮಕ್ಕಳು ಐದು ತುಂಬುವ ಮೊದಲೇ ಸಾಯುತ್ತಿದ್ದರು, 2022ರಲ್ಲಿ 37.

ಶಿಕ್ಷಣದ ಭಾಗ ನೇರ ಲೆಕ್ಕ, ಆದರೆ ಅದರ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು, 25 ದಾಟಿದವರು ಸರಾಸರಿ ಎಷ್ಟು ವರ್ಷ ಓದಿದ್ದಾರೆ. ಇನ್ನೊಂದು, ಈಗ ಶಾಲೆಗೆ ಸೇರುವ ಮಗು ಎಷ್ಟು ವರ್ಷ ಓದೀತು. ಸಾಮಾನ್ಯವಾಗಿ ಎರಡನೆಯದೇ ದೊಡ್ಡದು. ಐಸ್‌ಲ್ಯಾಂಡಿನಲ್ಲಿ 13.9 ಮತ್ತು 18.9. 2013ರ ಕೊನೆಯಲ್ಲಿ ಅಂತರ್ಯುದ್ಧಕ್ಕೆ ಬಿದ್ದ ದಕ್ಷಿಣ ಸುಡಾನಿನಲ್ಲಿ 5.7 ಮತ್ತು 5.6.