ನಗರದ ಸ್ಥಳೀಯ ಆರ್ಥಿಕತೆ: ಬಂದ ಹಣ ಎಲ್ಲಿ ಸೋರುತ್ತದೆ?

ಸ್ಥಳೀಯ ಆರ್ಥಿಕ ಅಭಿವೃದ್ಧಿ ಎಂದೊಡನೆ ಹೊರಗಿನ ದೊಡ್ಡ ಕಂಪನಿಯನ್ನು ಕರೆತರುವುದು ಎಂದು ಉತ್ತರಿಸುವವರೇ ಹೆಚ್ಚು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ನಗರಕ್ಕೆ ಈಗಾಗಲೇ ಬಂದ ಹಣ ಅಲ್ಲೇ ಎಷ್ಟು ಸುತ್ತು ತಿರುಗುತ್ತದೆ?

ಇದನ್ನು ಅಳೆಯಲು ಮೂರು ಸುತ್ತಿನ ಸ್ಥಳೀಯ ಗುಣಕವಿದೆ (LM3): ಮೊದಲ ಮೂರು ಕೈ ಬದಲಾವಣೆಗಳಲ್ಲಿ ಹಣ ಎಷ್ಟು ಸ್ಥಳೀಯವಾಗಿ ಉಳಿಯಿತು ಎಂಬ ಲೆಕ್ಕ. ಉದಾಹರಣೆಗೆ, ನಗರಸಭೆಯಿಂದ ಸ್ಥಳೀಯ ಗುತ್ತಿಗೆದಾರನಿಗೆ ಸಂದದ್ದು 100 ರೂಪಾಯಿ. ಅದರಲ್ಲಿ ಸ್ಥಳೀಯ ಕೂಲಿಗೆ, ಸರಕಿಗೆ ಹೋದದ್ದು 60. ಆ 60 ಪಡೆದವರು ಮತ್ತೆ ನಗರದೊಳಗೇ ಖರ್ಚು ಮಾಡಿದ್ದು 30. ಒಟ್ಟು 190; ಅದನ್ನು 100ರಿಂದ ಭಾಗಿಸಿದರೆ ಗುಣಕ 1.9. ಕನಿಷ್ಠ 1, ಗರಿಷ್ಠ 3. ಎರಡನೇ ಸುತ್ತಿನ ಲೆಕ್ಕ ಗುತ್ತಿಗೆದಾರನ ಖಾತೆ ಪುಸ್ತಕದಲ್ಲೇ ಸಿಗುತ್ತದೆ. ಮೂರನೆಯದಕ್ಕೆ ಪೂರೈಕೆದಾರರನ್ನೂ ಕೆಲಸಗಾರರನ್ನೂ ಕೇಳಲೇಬೇಕು. ಬೇಸರದ ಕೆಲಸವೇ, ಆದರೆ ವಿಳಾಸ ಮಾತ್ರ ಸ್ಥಳೀಯವಾಗಿದ್ದು ಸರಕೆಲ್ಲ ಹೊರಗಿನಿಂದ ತರಿಸುವ ಮಧ್ಯವರ್ತಿ ಸಿಕ್ಕಿಬೀಳುವುದು ಇಲ್ಲೇ.

ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಕೆಲವು ದೊಡ್ಡ ಸಾರ್ವಜನಿಕ ಸಂಸ್ಥೆಗಳು ಸ್ಥಳೀಯ ಪೂರೈಕೆದಾರರಿಗೆ ಅವಕಾಶ ಸಿಗುವಂತೆ ಖರೀದಿಯ ರೀತಿ ಬದಲಿಸಿದವು. 2012-13ರಲ್ಲಿ ಅವುಗಳ ಖರೀದಿ ವೆಚ್ಚದ ಸುಮಾರು 5% ನಗರದೊಳಗೆ ಉಳಿಯುತ್ತಿತ್ತು; 2016-17ರ ಹೊತ್ತಿಗೆ ಅದು ಸುಮಾರು 18% ಆಯಿತು.

ಸ್ಥಳೀಯ ಸಣ್ಣ ಉದ್ಯಮಿಗಳು ಟೆಂಡರ್‌ನಿಂದ ದೂರ ಉಳಿಯುವುದು ಬೆಲೆಯ ಕಾರಣಕ್ಕಷ್ಟೇ ಅಲ್ಲ. ಹಿಂದಿನ ವರ್ಷಗಳ ದೊಡ್ಡ ವಹಿವಾಟಿನ ಷರತ್ತು, ಮುಂಗಡ ಠೇವಣಿ, ತಿಂಗಳುಗಟ್ಟಲೆ ತಡವಾಗುವ ಬಿಲ್ಲು, ಈ ಮೂರೂ ಸೇರಿ ಅವರನ್ನು ಹೊರಗಿಡುತ್ತವೆ. ಕಾಮಗಾರಿಯನ್ನು ಸಣ್ಣ ಭಾಗಗಳಾಗಿ ಒಡೆದು, ಬಿಲ್ಲು ಮಾತ್ರ ಮೊದಲಿನಂತೆಯೇ ತಡ ಮಾಡಿದರೆ ಗೆದ್ದವರೇ ಸಾಲಕ್ಕೆ ಸಿಲುಕುತ್ತಾರೆ. ಸುಧಾರಣೆಯನ್ನು ಪಾವತಿಯಿಂದಲೇ ಶುರು ಮಾಡುವುದು ಮೇಲು.

ಇನ್ನು, ಯಾವ ವಲಯಕ್ಕೆ ಒತ್ತು ಕೊಡಬೇಕು? ನಗರದ ಉದ್ಯೋಗದಲ್ಲಿ ಒಂದು ವಲಯದ ಪಾಲು 8%, ದೇಶದಲ್ಲಿ 4% ಇದ್ದರೆ ಸ್ಥಾನಿಕ ಲಬ್ಧ (location quotient, ನಗರದ ಪಾಲನ್ನು ದೇಶದ ಪಾಲಿನಿಂದ ಭಾಗಿಸಿದ್ದು) 2. ಅಂದರೆ ಆ ವಲಯ ಇಲ್ಲಿ ಹೆಚ್ಚು ನೆಲೆಯೂರಿದೆ. ಆದರೆ ಅಂಕಿಅಂಶ ನೋಂದಾಯಿತ ಉದ್ಯೋಗದ್ದಷ್ಟೇ ಆಗಿದ್ದರೆ ಬೀದಿ ವ್ಯಾಪಾರಿಗಳು, ಮನೆಯಲ್ಲೇ ದುಡಿಯುವ ಹೆಂಗಸರು, ಚಿಂದಿ ಆಯುವವರು ಲೆಕ್ಕಕ್ಕೇ ಬರುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ಅಂದಾಜಿನಂತೆ ಜಗತ್ತಿನ ದುಡಿಯುವವರಲ್ಲಿ 60%ಕ್ಕಿಂತ ಹೆಚ್ಚು ಜನ, ಸುಮಾರು 200 ಕೋಟಿ, ಅನೌಪಚಾರಿಕ ವಲಯದವರು.

ಹೀಗೆ ಲೆಕ್ಕಕ್ಕೆ ಬಾರದವರನ್ನು ಮರೆತಾಗಲೇ ಸುಸ್ಥಿರತೆಯ ಯೋಜನೆಗಳೂ ಎಡವುವುದು. ಒಣಕಸ ಸಂಗ್ರಹವನ್ನು ಪೂರ್ತಿಯಾಗಿ ಒಂದೇ ಕಂಪನಿಗೆ ವಹಿಸಿ, ಸಾಗಿಸಿದ ಟನ್ನಿಗಿಷ್ಟು ಎಂದು ಹಣ ಕೊಟ್ಟರೆ, ಕಸ ಬೇರ್ಪಡಿಸುವುದು ಅದಕ್ಕೆ ನಷ್ಟದ ಬಾಬ್ತು. ಆಯುವವರ ಜೀವನೋಪಾಯವೂ ಹೋಗುತ್ತದೆ, ಮರುಬಳಕೆಯೂ ಇಳಿಯುತ್ತದೆ. ಆಯುವವರ ಸಹಕಾರ ಸಂಘಕ್ಕೆ ವಿಂಗಡಣೆಯ ಜಾಗ, ತೂಕದ ಯಂತ್ರ, ಗುರುತಿನ ಚೀಟಿ ಕೊಟ್ಟು, ಮರುಬಳಕೆಗೆ ಹೋದ ತೂಕಕ್ಕೆ ಹಣ ನಿಗದಿಪಡಿಸುವ ಕರಾರು ಬೇಕು.